ಮೂರನೇ ನಂಬರಿನ ಬಿಳುಪು

ಇನ್ನೊಬ್ಬರ ಮನೆಯ ಹೆಣ್ಣುಮಗಳ ಬಾಯೊಳಗೆ ನಡೆದ ಸಂಗತಿಯನ್ನು ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಕಂಡವರು ಹೇಳಿದ್ದನ್ನು ಕೇಳಿ, ಕೇಳಿದ್ದನ್ನು ಎರಡೆರಡು ಸಲ ತೂಗಿ ನೋಡಿ ಬರೆದದ್ದಾದರೂ ಎಲ್ಲಿಯಾದರೂ ತಪ್ಪಿರಬಹುದು. ತಪ್ಪಿದ್ದರೆ ಆ ಮನೆತನದವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಹೇಳದೆ ಬಿಡಬಹುದಿತ್ತು, ಬಿಡುವುದೂ ಸರಿಯೆನಿಸಲಿಲ್ಲ.

“ಇವು ಗಟ್ಟಿ ಹಲ್ಲ ಅದಾವಲ್ರೀ ರಾಯರ,” ಎಂದ ಬಾಬುಸಾಬ, ಕೈಯಲ್ಲಿದ್ದ ಇಕ್ಕಳವನ್ನು ಮತ್ತೆ ಅರಿವೆಯ ಮೇಲೆ ಇಟ್ಟು.

ಗಜೇಂದ್ರಗಡದ ಪೇಟೆಯ ಹಿಂದಿನ ಓಣಿಯಲ್ಲಿ ಅವನದೊಂದು ಕೋಣೆ. ಬಾಗಿಲ ಬೆಳಕು ಬೀಳುವ ಕಡೆ ಒಂದು ಮರದ ಕುರ್ಚಿ. ಅದರ ಬೆನ್ನಿಗೆ ತಲೆ ಆನಿಸಲು ಕಟ್ಟಿದ ಅರಿವೆಯ ಸುರುಳಿ. ಅಲ್ಲಿ ಬಾಯಿ ತೆರೆದು ಕೂತವಳು ರೋಣದ ವಾಸುದೇವರಾಯನ ಹೆಂಡತಿ ಕಾಶಿಬಾಯಿ, ಇಪ್ಪತ್ತಾರು ವರ್ಷದವಳು. ಗಂಡ ಹಿಂದೆ ನಿಂತು ಅವಳ ತಲೆ ಹಿಡಿದಿದ್ದ. ಒತ್ತಿ ಹಿಡಿದಿರಲಿಲ್ಲ; ನೀರೆರೆಯುವಾಗ ಕೂಸಿನ ತಲೆ ಹಿಡಿಯುತ್ತಾರಲ್ಲ, ಹಾಗೆ ಹಿಡಿದಿದ್ದ.

“ಗಟ್ಟಿ ಅವ ಅಂತ ನನಗೂ ಗೊತ್ತದ ಬಾಬುಸಾಬ. ಬಣ್ಣ ನೋಡು.”

“ಬಣ್ಣಕ್ಕ ಯಾರರ ಹಲ್ಲ ಕೀಳಸ್ತಾರೇನ್ರಿ? ನಮ್ಮಪ್ಪ ಮದರಸಾಬ ನಲವತ್ತ ವರ್ಷ ಇದ ಸಂತ್ಯಾಗ ಕುಂತ ಹಲ್ಲ ಕಿತ್ತಾನ. ಅಳ್ಳಾಡಲಾರದ ಹಲ್ಲಿಗೆ ಕೈ ಹಚ್ಚಬ್ಯಾಡೋ ಮಗನ ಅಂತ ಹೇಳಿ ಸತ್ತಾನ್ರಿ.”

“ನಿಮ್ಮಪ್ಪನ ಕಾಲಕ್ಕ ಕೀಳೋದಷ್ಟ ಇತ್ತಪಾ. ಹಾಕೋದು ಎಲ್ಲಿತ್ತು?” ವಾಸುದೇವ ನಕ್ಕ. “ನಿನಗ ಪ್ಲಾಸ್ಟರ್ ಬೇಕು, ಮೇಣ ಬೇಕು, ರಬ್ಬರ ಬೇಕು. ಹುಬ್ಬಳ್ಳ್ಯಾಗ ನಿನ್ನ ಬಾಗಲಾಗ ನಿಂದರಸಿ ಮಾತಾಡ್ತಾರ. ನಾ ಬಸ್ಸಿಗೆ ಹಾಕಿ ನಿನ್ನ ಮನಿಗೆ ಮುಟ್ಟಸ್ತೀನಿ. ಅಷ್ಟ ಮಾಡಿದಾಂವಗ ನೀ ಆರು ಹಲ್ಲು ಕಿತ್ತುಕೊಡಲಿಕ್ಕೆ ಒಲ್ಲೆ ಅಂತೀ ಏನು?”

ಬಾಬುಸಾಬ ಮೋರೆ ಸಣ್ಣದು ಮಾಡಿ ಕಾಶಿಬಾಯಿಯತ್ತ ತಿರುಗಿದ. “ಅಕ್ಕಾರ, ನೀವರ ಹೇಳ್ರಿ.”

ಕಾಶಿಬಾಯಿ ಬಾಯಿ ಮುಚ್ಚಿದಳು. ನಾಲಿಗೆಯನ್ನು ಒಮ್ಮೆ ಮುಂದಿನ ಹಲ್ಲುಗಳ ಹಿಂದೆ ಆಡಿಸಿದಳು. “ಕೀಳಪಾ,” ಎಂದಳು.

ಅವಳು ಸೂಡಿಯವಳು. ಅಲ್ಲಿಯ ಬಾವಿ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತಿತ್ತು. ಸೂಡಿ ಒಂದೇ ಅಲ್ಲ, ರೋಣದ ಸುತ್ತಿನ ಎಷ್ಟೋ ಹಳ್ಳಿಗಳಲ್ಲಿ ಹಾಗೆ. ಬೇವಿನ ಕಡ್ಡಿಯಿಂದ ಉಜ್ಜಿದರೂ ಇದ್ದಿಲ ಪುಡಿಯಿಂದ ಉಜ್ಜಿದರೂ ಆ ಗೆರೆ ಹೋಗದು. ಹಲ್ಲು ಮಾತ್ರ ಕಲ್ಲು. ಕಾಶಿಬಾಯಿ ಹುರಿದ ಕಡಲೆ ಕಡಿದರೆ ಪಡಸಾಲೆಯಲ್ಲಿದ್ದವರಿಗೆ ಕೇಳುತ್ತಿತ್ತು. ಊರಲ್ಲಿ ಎಲ್ಲರ ಹಲ್ಲೂ ಹಾಗೇ ಇದ್ದುದರಿಂದ ಅದೊಂದು ಊನವೆಂದು ಅವಳಿಗೆ ತಿಳಿದಿರಲಿಲ್ಲ. ತಿಳಿದದ್ದು ಪುಣೆಯಲ್ಲಿ ನಾದಿನಿಯ ಮದುವೆಗೆ ಹೋದಾಗ. ಅಲ್ಲಿನ ಬೀಗತಿಯೊಬ್ಬಳು, “ಹುಡಿಗಿ ಹೊಗೆಸೊಪ್ಪು ತಿಂತದೇನು?” ಎಂದು ಪಂಕ್ತಿಯ ಮಧ್ಯೆಯೇ ಕೇಳಿದ್ದಳು.

ವಾಸುದೇವ ಮುಂಬಯಿಯ ಒಂದು ಹಲ್ಲಿನ ಸಾಮಾನಿನ ಡೆಪೋದಲ್ಲಿ ಒಂಬತ್ತು ವರ್ಷ ಪೆಟ್ಟಿಗೆ ಕಟ್ಟುವ ಕೆಲಸ ಮಾಡಿ, ತಂದೆ ತೀರಿದ ಮೇಲೆ ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ರೋಣಕ್ಕೆ ಬಂದು ಪೇಟೆಯಲ್ಲಿ ಅರ್ಧ ಅಂಗಡಿ ಹಿಡಿದಿದ್ದ. ಆ ಕಡೆ ಕಡಲೆ ವ್ಯಾಪಾರದವರು, ಈ ಕಡೆ ಹತ್ತಿಯವರು. ನಡುವೆ ಇವನ ದಂತ ಸಾಮಗ್ರಿಯ ಡೆಪೋ. ನೋಡಿದವರು ನಕ್ಕರು. ಆದರೆ ಅವನ ಎಣಿಕೆ ಸುಳ್ಳಾಗಿರಲಿಲ್ಲ. ನರಗುಂದದಿಂದ ಗಜೇಂದ್ರಗಡದವರೆಗೆ ಪ್ರತಿ ಸಂತೆಯಲ್ಲೂ ಹಲ್ಲು ಕೀಳುವವರು, ಕಟ್ಟುವವರು ಒಬ್ಬಿಬ್ಬರು ಇದ್ದೇ ಇದ್ದರು. ಅವರಿಗೆ ಸಾಮಾನು ಕೊಡುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ಆರು ತಿಂಗಳಲ್ಲಿ ಪ್ಲಾಸ್ಟರ್ ಹೋಯಿತು, ಮೇಣ ಹೋಯಿತು, ಇಕ್ಕಳಗಳೂ ಹೋದವು. ಹೋಗದೆ ಉಳಿದದ್ದು ಹಲ್ಲು.

ಪಿಂಗಾಣಿಯ ಹಲ್ಲುಗಳು ಆರಾರರಂತೆ ಮೇಣದ ಪಟ್ಟಿಗೆ ಅಂಟಿಸಿ ಬರುತ್ತಿದ್ದವು. ಪಟ್ಟಿಯ ಹಿಂದೆ ಬಣ್ಣದ ನಂಬರು. ಮುಂಬಯಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದುದು ಮೂರನೇ ನಂಬರಿನ ಬಿಳಿ ಎಂದು ವಾಸುದೇವ ಅದನ್ನೇ ತರಿಸಿದ್ದ. ಆದರೆ ರೋಣದ ಕಡೆಯ ಬಾಯಿಯಲ್ಲಿ ಐದು ಕಂದು ಹಲ್ಲಿನ ನಡುವೆ ಒಂದು ಬಿಳಿ ಹಲ್ಲು ಇಟ್ಟರೆ ಹೇಗಿರುತ್ತದೆ? ನರಗುಂದದ ನಜೀರಸಾಬ ಒಬ್ಬ ಒಕ್ಕಲಿಗನಿಗೆ ಒಂದು ಹಾಕಿಕೊಟ್ಟು, ಅವನ ಹೆಂಡತಿಯ ಬಾಯಿಂದ ಬೈಸಿಕೊಂಡು, ತೆಗೆದು ತಂದು ವಾಪಸು ಕೊಟ್ಟಿದ್ದ.

ಮುಲ್ಕಿ ಪರೀಕ್ಷೆ ಪಾಸಾದ ಕಾಶಿಬಾಯಿಗೆ ಇಂಗ್ಲಿಷ್ ಅಂಕಿ ಬರುತ್ತಿದ್ದವು. ಅಂಗಡಿಯ ಹಿಂಬದಿಯಲ್ಲಿ ಪರದೆ ಕಟ್ಟಿಕೊಂಡು ಕೂತು ಪಟ್ಟಿಗಳನ್ನು ಬಣ್ಣಕ್ಕೆ, ಅಳತೆಗೆ ಬೇರೆ ಮಾಡಿಡುವುದನ್ನು ಅವಳು ಎರಡೇ ತಿಂಗಳಲ್ಲಿ ಕಲಿತಿದ್ದಳು. ಯಾವ ಪಟ್ಟಿ ಯಾವ ಖಾನೆಯಲ್ಲಿದೆಯೆಂದು ಗಂಡ ಅವಳನ್ನೇ ಕೇಳಬೇಕು. ಮದುವೆಯಾಗಿ ಏಳು ವರ್ಷ ಅತ್ತೆಯ ಒಲೆಯ ಮುಂದೆ ಕೂತವಳಿಗೆ ಆ ಪರದೆಯ ಹಿಂದಿನ ಜಾಗ ತನ್ನದೆನಿಸಿತ್ತು.

“ನಮ್ಮ ಮಂದಿ ಹಲ್ಲಿನ ಬಣ್ಣದ್ದು ತರಸ್ರಲಾ,” ಎಂದು ಅವಳು ಒಂದು ದಿನ ಹೇಳಿದ್ದಳು.

“ಸೂಡಿ ಬಾವಿ ನೀರಿನ ಬಣ್ಣ ವಿಲಾಯತಿಯವರು ಮಾಡೂದುಲ್ಲ ಕಾಶೀ.” ಅಷ್ಟು ಹೇಳಿ ವಾಸುದೇವ ಅವಳ ಬಾಯಿಯನ್ನೇ ನೋಡುತ್ತ ಕೂತ. “ಒಂದು ಹಾಕಿದ್ರ ಚಂದ ಕಾಣೂದುಲ್ಲ. ಖರೇ. ಆರೂ ಹಾಕಿದ್ರ?”

ಮೇಲಿನ ಸಾಲಿನ ಮುಂದಿನ ಆರೂ ಹಾಕಬೇಕಾದರೆ ಮೊದಲು ಆರೂ ತೆಗೆಯಬೇಕು. ಹಾಗೆ ಹಾಕಿಸಿಕೊಂಡ ಒಂದು ಬಾಯಿ ಮಂದಿಯ ಕಣ್ಣಿಗೆ ಬಿದ್ದರೆ ಸಾಕು, ಹಿಂದೆ ನೂರು ಬಾಯಿ ಬರುತ್ತವೆ. ಅವನು ಜುಲುಮೆ ಮಾಡಲಿಲ್ಲ. ಎಂಟು ದಿನ ಅದೇ ಮಾತನ್ನು ಬೇರೆ ಬೇರೆ ರೀತಿ ಆಡಿದ. “ಅಂಗಡಿ ನನ್ನೊಬ್ಬಂದಲ್ಲ, ನಿಂದೂ ಹೌದು,” ಎಂದ. ಪುಣೆಯ ಬೀಗತಿಯ ಮಾತನ್ನು ನೆನಪಿಸಿದ. ಮೂರನೇ ನಂಬರಿನ ಪಟ್ಟಿಗಳನ್ನೆಲ್ಲ ಅವಳ ಮುಂದೆ ಹರವಿ, “ನಿನಗ ಬೇಕಾದ್ದು ನೀನ ಆರಿಸ್ಕೋ,” ಎಂದ. ಕಾಶಿಬಾಯಿ ಒಂದನ್ನು ಆರಿಸಿದಳು. ಆರಿಸಿದ ಮೇಲೆ ಒಲ್ಲೆನೆನ್ನುವುದು ಅವಳಿಗೆ ಬರಲಿಲ್ಲ.

ಬಾಬುಸಾಬ ಆ ದಿನ ಮೂರು ಕಿತ್ತ. ವಸಡು ಮರಗಟ್ಟಿಸುವ ಸೂಜಿಯೂ ವಾಸುದೇವನ ಡೆಪೋದ್ದೇ. ಅದು ಮೊದಲನೆಯ ಹಲ್ಲಿಗೆ ಕೆಲಸ ಮಾಡಿತು, ಮೂರನೆಯದಕ್ಕೆ ಮಾಡಲಿಲ್ಲ. ಬೇರು ಉದ್ದ, ದವಡೆಯೂ ಗಟ್ಟಿ. ಬಾಬುಸಾಬ ಬೆವರಿದ. ಕಿತ್ತ ಹಲ್ಲುಗಳನ್ನು ಬೋಗುಣಿಗೆ ಹಾಕಿದ. ವಾಸುದೇವ ಒಂದನ್ನೆತ್ತಿ ಬೆಳಕಿಗೆ ಹಿಡಿದು, “ನೋಡು, ಬೇರಿನತನಾ ಹಳದಿ,” ಎಂದ.

ಉಳಿದ ಮೂರಕ್ಕೆ ಮುಂದಿನ ಸಂತೆಯ ದಿನ ಬರಬೇಕೆಂದಾಯಿತು. ಆ ಏಳು ದಿನಗಳಲ್ಲಿ ಕಾಶಿಬಾಯಿ ಎರಡು ಸಲ ಸಾಕೆಂದು ಹೇಳಲು ನೋಡಿದಳು. ಆದರೆ ಅರ್ಧ ಬಾಯಿ ಆಗಲೇ ಹೋಗಿತ್ತು. ಸಾಕೆಂದರೆ ಸಾಕಾಗುವ ಹಾಗಿರಲಿಲ್ಲ. ಉಳಿದ ಮೂರನ್ನೂ ಕೀಳಿಸಿಕೊಂಡು ಬಸ್ಸಿನಲ್ಲಿ ರೋಣಕ್ಕೆ ಹಿಂತಿರುಗುವಾಗ ಅವಳು ಸೆರಗು ಬಾಯಿಗೆ ಒತ್ತಿ ಹಿಡಿದು ಕೂತಿದ್ದಳು. ಪಕ್ಕದ ಸೀಟಿನ ಮುದುಕಿಯೊಬ್ಬಳು, “ಯಾಕವ್ವಾ, ಯಾರ ತೀರಿಕೊಂಡ್ರ?” ಎಂದು ಕೇಳಿದಳು.

ವಸಡು ಮಾಯಲು ಮೂರು ತಿಂಗಳು. ಆಮೇಲೆ ಮೇಣದ ಅಚ್ಚು, ಪ್ಲಾಸ್ಟರಿನ ಅಚ್ಚು, ಬಾಬುಸಾಬನ ತಾಮ್ರದ ಕುದಿಗಡಿಗೆಯಲ್ಲಿ ಬೆಂದ ಕೆಂಪು ರಬ್ಬರಿನ ತಟ್ಟೆ. ತಟ್ಟೆಗೆ ಕಚ್ಚಿಕೊಂಡ ಆರು ಹಲ್ಲು. ಹಾಕಿಕೊಂಡು ಕನ್ನಡಿ ನೋಡಿದಾಗ ಕಾಶಿಬಾಯಿಗೆ ತನ್ನ ಗುರುತೇ ಸಿಕ್ಕಲಿಲ್ಲ. ಚಂದವೇ ಕಾಣುತ್ತಿದ್ದಳು. ಅದನ್ನು ಅವಳು ಒಪ್ಪಿಕೊಂಡಳು. ಮತ್ತೆ ಮತ್ತೆ ನೋಡಿದಳು.

ಮನೆಯಲ್ಲಿ ಅತ್ತೆ ಇಂದಿರಾಬಾಯಿ ನೋಡಿದ್ದು ಒಂದೇ ಸಲ. “ಅದು ಏತರದು?”

“ರಬ್ಬರಿಂದು, ಅತ್ಯಾ.”

“ಊಟಾ ಮಾಡಿದ ಮ್ಯಾಲ ತಗದು ತೊಳಕೋತೀ ಹೌದಲ್ಲೋ? ಅಂದ್ರ ಇಪ್ಪತ್ತನಾಲ್ಕ ತಾಸೂ ಎಂಜಲಾ ಬಾಯಾಗ ಇಟ್ಟುಕೊಂಡು ಅಡ್ಡಾಡಿದ್ಹಂಗಾತು. ಅದನ್ನ ಹಾಕ್ಕೊಂಡು ನನ್ನ ಒಲಿ ಮುಂದ ಕೂಡಬ್ಯಾಡವಾ. ದೇವರ ನೈವೇದ್ಯ ಆಗೂದದ.”

ಹೀಗಾಗಿ ಮನೆಯ ಹೊಸ್ತಿಲು ದಾಟುವ ಮೊದಲು ಅವಳು ಹಲ್ಲು ತೆಗೆಯಬೇಕು. ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ತೆಂಗಿನ ಪರಟೆಯಲ್ಲಿ ನೀರು ಹಾಕಿ ಅದರಲ್ಲಿ ಇಡಬೇಕು. ಬೊಚ್ಚು ಬಾಯಿಯಲ್ಲಿ ಅಡಿಗೆ, ಬೊಚ್ಚು ಬಾಯಿಯಲ್ಲೇ ಊಟ. ಕಡಲೆ ಹೋಗಲಿ, ಕಟಕ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ನುಂಗುತ್ತಿದ್ದಳು. ಮಧ್ಯಾಹ್ನ ಅಂಗಡಿಗೆ ಹೊರಡುವಾಗ ಹಲ್ಲು ಏರಿಸಿದರೆ ಸಂಜೆಯವರೆಗೆ ಮನುಷ್ಯಳು.

ಅಂಗಡಿಯಲ್ಲಿ ಪರದೆ ತೆಗೆದಾಯಿತು. ವಾಸುದೇವ ಅವಳನ್ನು ಮುಂದೆಯೇ ಕೂಡಿಸಿದ.

“ಕಾಶೀ, ನಗು,” ಎನ್ನುತ್ತಿದ್ದ ಗಿರಾಕಿ ಬಂದರೆ. ನಕ್ಕರೆ, “ನೋಡಿದ್ರೇನ್ರಿ? ಇದು ನಮ್ಮ ಡೆಪೋದ ಮಾಲು. ಇಕಿ ಸೂಡಿಯಾಕಿ. ಸೂಡಿಯೊಳಗ ಇಂಥಾ ಹಲ್ಲು ಎಲ್ಲ್ಯರ ಕಂಡೀರೇನು?” ಆಮೇಲೆ, “ತಗದು ತೋರಸು ಅವರಿಗೆ.”

ಮೊದಲ ಸಲ ಅವಳು ಗೋಡೆಯತ್ತ ತಿರುಗಿ ತೆಗೆದಳು. ನಾಲ್ಕು ದಿನ ಕಳೆದ ಮೇಲೆ ತಿರುಗುವಷ್ಟು ಪುರಸತ್ತೂ ಇರಲಿಲ್ಲ. ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಹತ್ತಿ ವ್ಯಾಪಾರದ ಪ್ರಭುಲಿಂಗಪ್ಪ ಪಕ್ಕದ ಕಟ್ಟೆಯಿಂದಲೇ ಕೂಗುತ್ತಿದ್ದ: “ರಾಯರ, ನಮ್ಮ ವೈನಿಯವರ ಬಾಯಿ ಇವತ್ತ ಎಷ್ಟ ಊರ ತಿರಗಿ ಬಂತ್ರೀ?” ಎಲ್ಲರೂ ನಗುತ್ತಿದ್ದರು. ಹಲ್ಲಿಲ್ಲದಾಗ ಕಾಶಿಬಾಯಿ ನಗುವ ಹಾಗಿರಲಿಲ್ಲ. ತಟ್ಟೆ ತಿರುಗಿ ಬರುವವರೆಗೆ ಸೆರಗು ಹಿಡಿದು ಕಾಯುತ್ತಿದ್ದಳು.

ವಾಸುದೇವನ ಎಣಿಕೆ ಇಲ್ಲಿಯೂ ಸುಳ್ಳಾಗಲಿಲ್ಲ. ನಜೀರಸಾಬ ನರಗುಂದದಿಂದ ಬಂದು ನಾಲ್ಕು ಪಟ್ಟಿ ಒಯ್ದ. ಬಾಬುಸಾಬನೂ ಅಪ್ಪನ ಮಾತು ಎತ್ತುವುದನ್ನು ಬಿಟ್ಟ. ಶಿರೋಳದ ನೀಲವ್ವನೆಂಬಾಕೆ ತನ್ನ ಮಗಳನ್ನೂ ತಂಗಿಯ ಮಗಳನ್ನೂ ಕೂಡಿಯೇ ಕರೆತಂದಳು; ಇಬ್ಬರೂ ಹುಡುಗಿಯರು ಕಾಶಿಬಾಯಿಯ ಬಾಯಿಯನ್ನು ದೇವರನ್ನು ನೋಡುವಂತೆ ನೋಡಿದರು. ಕನ್ಯಾ ನೋಡಲು ಹೊರ ಊರಿನವರು ಬರುವ ಮನೆಗಳಲ್ಲಿ ರೋಣದ ಡೆಪೋದ ಹೆಸರು ಹಬ್ಬಿತು. “ನಮ್ಮ ಡೆಪೋದ ಲಕ್ಷ್ಮಿ ನೀನ,” ಎಂದು ವಾಸುದೇವ ಹೆಂಡತಿಗೆ ಇಳಕಲ್ ಸೀರೆ ತಂದ. ಪ್ರತಿ ಸಂತೆಯ ಮರುದಿನ ಎಷ್ಟು ಪಟ್ಟಿ ಕಡಿಮೆಯಾದವೆಂದು ನೋಡುವಾಗ ಕಾಶಿಬಾಯಿಗೆ ಪಟ್ಟಿ ಕಾಣುತ್ತಿರಲಿಲ್ಲ, ಬೋಗುಣಿ ಕಾಣುತ್ತಿತ್ತು. ಒಂದು ಪಟ್ಟಿಗೆ ಆರು.

ನರಗುಂದದ ತೋಟಪ್ಪ ಬಂದದ್ದು ಶ್ರಾವಣದ ಮೊದಲ ವಾರ. ಎಪ್ಪತ್ತು ಕೂರಿಗೆ ಎರೆಹೊಲದ ಯಜಮಾನ. ಜೊತೆಗೆ ಹದಿನಾರರ ಮಗಳು ಸಿದ್ದಲಿಂಗವ್ವ.

“ಬೆಳಗಾಂವಿ ಕಡೆ ಮನಿತಾನಾ,” ಎಂದು ತೋಟಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. “ಹುಡಿಗಿನ್ನ ನೋಡಿ ಒಪ್ಪ್ಯಾರ. ಹೋಗು ಮುಂದ ಹುಡುಗನ ಅವ್ವ ಒಂದ ಮಾತ ಒಗದ ಹೋದ್ಲು. ಎಲ್ಲಾ ಚಲೋ ಐತಿ, ನಕ್ಕರಷ್ಟ ಒಲಿ ಬಾಯಿ ನೋಡಿದ್ಹಂಗ ಆಕ್ಕೈತಿ ಅಂತ. ಮಾರ್ಗಶಿರದಾಗ ಲಗ್ನ. ಆಗತೈತಿಲ್ರೀ ಅಷ್ಟರಾಗ?”

“ಅದಕ್ಕೇನು, ಅಗದೀ ಸಲೀಸ ಆಗ್ತದ,” ಎಂದ ವಾಸುದೇವ. “ಕಾಶೀ, ನಗು.”

ಕಾಶಿಬಾಯಿ ನಕ್ಕಳು. ತೋಟಪ್ಪನಿಗೆ ಇಕ್ಕಳ, ಸೂಜಿಗಳನ್ನೆಲ್ಲ ತೋರಿಸುತ್ತ ವಾಸುದೇವ ಅವನನ್ನು ಕಪಾಟಿನ ಕಡೆ ಕರೆದುಕೊಂಡು ಹೋದಾಗ, ಅವಳು ಹುಡುಗಿಯ ಕೈ ಹಿಡಿದು ಹಿಂಬದಿಗೆ ಒಯ್ದಳು.

“ನೋಡವಾ,” ಎಂದು ತಟ್ಟೆ ತೆಗೆದಳು. ತುಟಿ ಒಳಕ್ಕೆ ಬಿತ್ತು. ಮೂವತ್ತು ವರ್ಷ ಒಮ್ಮೆಗೇ ಬಂದು ಮುಖದ ಮೇಲೆ ಕೂತಿತು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. “ಇದು ದಿವಸಾ ಹಿಂಗ. ಹಾಕ್ಕೊಂಡಾಗಷ್ಟ ಅದು. ಮುಂಜಾನೆ ಎದ್ದ ಕೂಡ್ಲೆ ಹಿಂಗ, ಮಲಗೂ ಮುಂದ ಹಿಂಗ. ನಿನ್ನ ಹಲ್ಲು ಗಟ್ಟಿ ಅವ. ಕೀಳಿಸಬ್ಯಾಡ.”

ಸಿದ್ದಲಿಂಗವ್ವ ಬಹಳ ಹೊತ್ತು ಆ ಬಾಯಿಯನ್ನು ನೋಡಿದಳು. ಆಮೇಲೆ ತಣ್ಣಗೆ ಕೇಳಿದಳು: “ಹಲ್ಲ ಉಳಿಸಿಕೊಂಡ ಮನ್ಯಾಗ ಕುಂದರ್ಲೇನ್ರಿ?”

ಕಾಶಿಬಾಯಿ ತಟ್ಟೆಯನ್ನು ಮತ್ತೆ ಬಾಯಿಗೆ ಏರಿಸಿದಳು.

ಅವಳು ಹುಡುಗಿಗೆ ಹೇಳಿದ ಮಾತು ಹೇಗೋ ವಾಸುದೇವನ ಕಿವಿಗೆ ಬಿತ್ತು. ಅವನು ಸಿಟ್ಟಿಗೇಳಲಿಲ್ಲ. “ಅಂಗಡ್ಯಾಗ ಕೂತು ಅಂಗಡಿ ಮುರಿಯೋ ಮಾತಾಡಬಾರದು ಹುಚ್ಚಿ,” ಎಂದ. ನಜೀರಸಾಬ ನರಗುಂದದಲ್ಲೇ, ತೋಟಪ್ಪನ ಪಡಸಾಲೆಯಲ್ಲೇ, ಎರಡು ಸರದಿಯಲ್ಲಿ ಹುಡುಗಿಯ ಆರೂ ಹಲ್ಲು ಕಿತ್ತ.

ಆ ಹುಡುಗಿಗೆಂದು ಮೂರನೇ ನಂಬರಿನ ಒಂದು ಪಟ್ಟಿಯನ್ನು ಕಾಶಿಬಾಯಿ ಬೇರೆ ತೆಗೆದು ಕಾಗದ ಸುತ್ತಿ ಇಟ್ಟಿದ್ದಳು. ದೀಪಾವಳಿಯ ಹೊತ್ತಿಗೆ ಗದಗಿನ ಕಡೆಯಿಂದ ಪದವಿ ಪಡೆದ ದಂತವೈದ್ಯರೊಬ್ಬರು ಮೊದಲ ಸಲ ಅಂಗಡಿಯ ಮೆಟ್ಟಿಲು ಹತ್ತಿದರು. ಕೋಟು ಹಾಕಿದ ಡಾಕ್ಟರರು ತನ್ನ ಅಂಗಡಿಗೆ ಬಂದದ್ದಕ್ಕೇ ವಾಸುದೇವನಿಗೆ ತಲೆ ತಿರುಗಿದಂತಾಗಿತ್ತು. ಅವರು ಮೂರನೇ ನಂಬರು ಕೇಳಿದರು, ಖಾನೆಯಲ್ಲಿ ಇರಲಿಲ್ಲ. ಕಾಗದ ಸುತ್ತಿದ್ದನ್ನು ಬಿಚ್ಚಿ ಕೊಟ್ಟುಬಿಟ್ಟ. “ಮುಂಬಯಿಗೆ ಬರದೇನಿ. ಹದಿನೈದು ದಿವಸಕ್ಕ ಮಾಲು ಬರ್ತದ,” ಎಂದ ಹೆಂಡತಿಗೆ.

ಹದಿನೈದು ದಿನಕ್ಕೆ ಬಂದದ್ದು ಕಾಗದ. ಪರದೇಶದ ಮಾಲಿಗೆ ಸರಕಾರದ ಪರವಾನಗಿ ಬಿಗಿಯಾಗಿದೆ, ಹಲ್ಲು ಯಾವಾಗ ಬರುವವೆಂದು ಹೇಳಲಾಗದು, ಎಂದು. ಲಗ್ನಕ್ಕೆ ಹನ್ನೆರಡು ದಿನ ಉಳಿದಿತ್ತು. ತೋಟಪ್ಪ ಚಕ್ಕಡಿ ಬಿಟ್ಟು ಬಸ್ಸಿನಲ್ಲೇ ಬಂದ. ಬೆನ್ನ ಹಿಂದೆ ನಜೀರಸಾಬ.

“ರಾಯರ, ನನ್ನ ಮಗಳ ಮೂರ ತಿಂಗಳಾತು, ಕ್ವಾಣಿ ಬಿಟ್ಟ ಹೊರಗ ಬಂದಿಲ್ಲ. ಮಂದಿಗೆ ಜ್ವರಾ ಅಂತ ಹೇಳೇನಿ. ಹಂದರಾ ಹಾಕ್ಯಾರ. ಈಗ ಇಲ್ಲ ಅಂದ್ರ ನಾ ಏನ ಮಾಡ್ಲಿ? ಹೇಳ್ರಿ, ಏನ ಮಾಡ್ಲಿ? ಹುಡಿಗಿನ್ನ ಬಾವಿಗೆ ನೂಕಲ್ಯೋ, ನಿಮ್ಮ ಅಂಗಡಿ ಸುಡಲ್ಯೋ?”

ವಾಸುದೇವ ಕಪಾಟಿನ ಕಡೆ ತಿರುಗಿದ. “ಕಾಶೀ, ಖಾನೆ ಎಲ್ಲಾ ಮತ್ತೊಮ್ಮೆ ನೋಡು. ಮೂರನೇ ನಂಬರು. ಒಂದ ಒಂದು ಪಟ್ಟಿ.”

“ನೋಡೇನ್ರಿ. ಒಂದೂ ಇಲ್ಲ,” ಎಂದಳು ಕಾಶಿಬಾಯಿ.

ಹೇಳುವಾಗ ಬಾಯಿ ತೆರೆಯಿತು. ಗಂಡ ಅವಳನ್ನು ನೋಡಿದ. ಕಣ್ಣು ನೋಡಲಿಲ್ಲ, ಬಾಯಿ ನೋಡಿದ. ನಜೀರಸಾಬನೂ ನೋಡಿದ. ಕಡೆಗೆ ತೋಟಪ್ಪನೂ. ಪಕ್ಕದ ಕಟ್ಟೆಯಲ್ಲಿ ಕಡಲೆ ಸುರಿಯುವ ಸಪ್ಪಳ ಕೇಳುತ್ತಿತ್ತು.

“ರಬ್ಬರ ಕಾಸಿದ್ರ ಹಲ್ಲ ಬಿಟ್ಟ ಬರತಾವ್ರಿ,” ಎಂದ ನಜೀರಸಾಬ ನೆಲ ನೋಡುತ್ತ. “ಹಲ್ಲಿಗೆ ಏನೂ ಆಗೂದುಲ್ಲ.”

“ಮುಂಬಯಿ ಮಾಲು ಬಂದ ಮುಂಜಾನೆ ಮೊದಲ್ನೇದು ನಿಂದ,” ಎಂದ ವಾಸುದೇವ. “ಆಣಿ ಮಾಡ್ತೀನಿ. ಕಾಶೀ? ಆ ಹುಡಿಗಿದು ವಿಚಾರ ಮಾಡು. ಅಕಿ ಸಲುವಾಗಿ ಅವತ್ತ ನೀನ ಮಾತಾಡಿದ್ದಿ ಹೌದಲ್ಲೋ.”

ಕಾಶಿಬಾಯಿ ಹುಡುಗಿಯ ವಿಚಾರವನ್ನೇ ಮಾಡಿದಳು. ಮೂರು ತಿಂಗಳು ಕತ್ತಲ ಕೋಣೆಯಲ್ಲಿ ನಾಲಿಗೆಯಿಂದ ವಸಡು ತಡವುತ್ತ ಕೂತವಳ ವಿಚಾರ. ತಟ್ಟೆ ತೆಗೆದು ಸೆರಗಿನಿಂದ ಒರೆಸಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು. ನಜೀರಸಾಬ ಸ್ಪಿರಿಟ್ ದೀಪ ಹಚ್ಚಿದ. ರಬ್ಬರು ಬಿಸಿಯಾಗಿ ಗಂಧಕದ ವಾಸನೆ ಅಂಗಡಿ ತುಂಬಿತು. ಚೂರಿಯ ತುದಿಯಿಂದ ಒಂದೊಂದನ್ನೇ ಎಬ್ಬಿಸಿ ಅವನು ನೀರಿಗೆ ಹಾಕಿದ. ಹಾಕಿದಾಗೆಲ್ಲ ಚುಂಯ್ ಎಂದಿತು. ಆರು ಸಲ.

“ಹುಡಿಗಿ ಬಾಯಿಗೆ ತುಸು ಅಗಲ ಆಗತಾವ. ಉಜ್ಜತೇನಿ,” ಎಂದ.

ತೋಟಪ್ಪ ಹೋಗುವಾಗ ಕಾಶಿಬಾಯಿಗೆ ಕೈ ಮುಗಿದ. ಮುಗಿದ ಕೈಯನ್ನು ಇಳಿಸದೆಯೇ ಹೇಳಿದ: “ತಪ್ಪ ತಿಳಕೋಬ್ಯಾಡ್ರಿ ತಾಯಿ. ಲಗ್ನಕ್ಕ ನೀವು ಯಾರೂ ಬರಬ್ಯಾಡ್ರಿ. ಬೀಗರು ನಿಮ್ಮನ್ನ ನೋಡಿದ್ರ ಎಲ್ಲ್ಯರ ಮಾತ ಬರತೈತಿ.”

ಆ ಸಂಜೆ ಇಂದಿರಾಬಾಯಿ ಗೂಡಿನ ಪರಟೆ ಖಾಲಿ ಇರುವುದನ್ನು ಕಂಡು ಸಂಗತಿ ಕೇಳಿದಳು. ಕೇಳಿ, “ಹೋಗ್ಲಿ ಬಿಡು, ಛಲೋನ ಆತು,” ಎಂದಳು. “ಇನ್ನ ತಗಿಯೋದಿಲ್ಲ, ಹಾಕೋದಿಲ್ಲ. ಎರಡೂ ಹೊತ್ತು ಒಲಿ ಮುಂದ ಕೂಡಲಿಕ್ಕೆ ಬರ್ತದ.”

ಮುಂದಿನ ಸಂತೆಯ ದಿನ ಕಾಶಿಬಾಯಿ ಅಂಗಡಿಗೆ ಹೊರಟಾಗ ವಾಸುದೇವ ಚಪ್ಪಲಿ ಮೆಟ್ಟುತ್ತ ನಿಂತವನು ತಲೆ ಎತ್ತಿದ. “ನೀ ಯಾಕ ಬರ್ತೀ? ಹಲ್ಲಿನ ಅಂಗಡ್ಯಾಗ ಹಲ್ಲಿಲ್ಲದಾಕಿ ಕೂತ್ರ ಮಂದಿ ಏನ ಅಂದಾರು?” ನಗುತ್ತಲೇ ಹೇಳಿದ. “ಮಾಲು ಬರೂತನಾ ಮನ್ಯಾಗ ಆರಾಮ ಇರು.”

ಅವಳ ಜಾಗದಲ್ಲಿ ಚಿಕ್ಕಪ್ಪನ ಮಗ ಅನಂತ ಕೂತ. ಅವನಿಗೆ ನಂಬರು ತಿಳಿಯದು, ಅಳತೆ ತಿಳಿಯದು. ಒಂದು ನಂಬರಿನದನ್ನು ಇನ್ನೊಂದಕ್ಕೆ ಬೆರೆಸಿ ಎರಡು ಸಲ ಗಿರಾಕಿಯಿಂದ ಬೈಸಿಕೊಂಡ. ಅದಕ್ಕೆ ವಾಸುದೇವ ಬಂದ ಪಟ್ಟಿಗಳನ್ನೆಲ್ಲ ಮನೆಗೇ ತಂದು ಕೊಟ್ಟ. ಪಡಸಾಲೆಯ ಮೂಲೆಯಲ್ಲಿ ಕೂತು ಕಾಶಿಬಾಯಿ ಬೇರೆ ಮಾಡಿ ಕಟ್ಟು ಕಟ್ಟಿದಳು.

ಮೂರನೇ ನಂಬರು ಬಂದದ್ದು ಫಾಲ್ಗುಣದಲ್ಲಿ. ನಾಲ್ಕೇ ಪಟ್ಟಿ. ನಾಲ್ಕೂ ಮೊದಲೇ ಹೇಳಿಟ್ಟವರಿಗೆ ಹೋದವು. “ಕಿತ್ತುಕೊಂಡು ಕೂತ ಹುಡುಗ್ಯಾರು ಅವ ಕಾಶೀ, ಹ್ಯಾಂಗ ಇಲ್ಲನ್ನಲಿ? ನೀ ಅಂತೂ ಮನಿಯಾಕಿ,” ಎಂದ ವಾಸುದೇವ. ಎರಡನೆಯ ಸಲ ಆರು ಪಟ್ಟಿ ಬಂದವು. ಅದಕ್ಕೂ ಗದಗಿನ ಡಾಕ್ಟರರ ಕಾಗದ ಮೊದಲೇ ಬಂದಿತ್ತು. ಅವನು ಪ್ರತಿ ಸಲವೂ ಮನಸಾರೆ ಬೇಜಾರು ಮಾಡಿಕೊಂಡ. ಪ್ರತಿ ಸಲವೂ ಕೊಟ್ಟ.

ಮೂರನೆಯ ಸಲದ ಮಾಲಿನಲ್ಲಿ ಅವಳು ಮೊದಲು ಆರಿಸಿಕೊಂಡಿದ್ದ ಅಳತೆಯದೇ ಒಂದು ಪಟ್ಟಿ ಇತ್ತು. ಮಧ್ಯಾಹ್ನ, ಅತ್ತೆ ಜಪಕ್ಕೆ ಕೂತ ಹೊತ್ತು, ಕಾಶಿಬಾಯಿ ಅದನ್ನು ಮೇಣದ ಸಮೇತ ಮೇಲ್ವಸಡಿಗೆ ಒತ್ತಿ ಹಿಡಿದು ಕನ್ನಡಿಯ ಮುಂದೆ ನಿಂತಳು. ವಸಡು ಸವೆದು ಒಳಗೆ ಹೋಗಿತ್ತು, ಹಲ್ಲು ಮುಂದೆ ನಿಂತವು. ಆದರೂ ತುಟಿ ತುಂಬಿತು. ಅವಳು ಅದನ್ನು ತೊಳೆದು ಸೀರೆಗಳ ಟ್ರಂಕಿನ ತಳದಲ್ಲಿ ಇಟ್ಟಳು. ಉಳಿದವನ್ನು ಕಟ್ಟು ಕಟ್ಟಿದಳು.

ಸಂಜೆ ವಾಸುದೇವ ಕಟ್ಟು ಬಿಚ್ಚಿ ಎಣಿಸಿದ. ಮಾಲಿನ ಜೊತೆ ಬಂದ ಮುಂಬಯಿಯ ಬೀಜಕ ತೆಗೆದು ಮತ್ತೆ ಎಣಿಸಿದ. “ಒಂದು ಪಟ್ಟಿ ಕಮ್ಮಿ ಕಳಿಸ್ಯಾರಲ್ಲ! ಇವರನ್ನ ಬಿಡೂದುಲ್ಲ. ಈಗಿಂದೀಗ ತಾರ ಹೊಡೀತೀನಿ. ಅನಂತಾ, ಅಂಗಿ ಕೊಡು.”

ಕಾಶಿಬಾಯಿ ಒಳಗೆ ಹೋದಳು. ತಿರುಗಿ ಬಂದು ಪಟ್ಟಿಯನ್ನು ಅವನ ಮುಂದೆ ಇಟ್ಟಳು. “ಚಾಪಿ ಕೆಳಗ ಸರಿದಿತ್ತು,” ಎಂದಳು.

ವಾಸುದೇವ ಪಟ್ಟಿ ತಿರುಗಿಸಿದ. ಮೇಣದ ಮೇಲೆ ವಸಡಿನ ಗುರುತು ಎದ್ದಿತ್ತು. ಅವನು ಅದನ್ನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು. ಅವನು ನಕ್ಕ. ಪ್ರೀತಿಯಿಂದಲೇ ನಕ್ಕ. “ಕಳ್ಳಿ,” ಎಂದು ಅವಳ ಕೆನ್ನೆ ತಟ್ಟಿ, ಮೇಣದ ಗುರುತನ್ನು ಹೆಬ್ಬೆರಳಿನಿಂದ ತಿಕ್ಕಿ ಸಮ ಮಾಡಿ, ಪಟ್ಟಿಯನ್ನು ನರಗುಂದದ ಕಟ್ಟಿಗೆ ಸೇರಿಸಿದ.

ಡೆಪೋಕ್ಕೆ ಎರಡು ವರ್ಷ ತುಂಬಿದಾಗ ಪೂರ್ತಿ ಅಂಗಡಿ ಹಿಡಿದರು. ತಗಡಿನ ದೊಡ್ಡ ಬೋರ್ಡು ಬರೆಯಲು ಗದಗಿನಿಂದ ಫಕೀರಸಾಬನೆಂಬ ಪೇಂಟರನನ್ನು ಕರೆಸಿದರು. ನಗುವ ಹೆಣ್ಣುಮಗಳ ಚಿತ್ರವಿರಬೇಕು, ಅದೂ ಕಾಶಿಬಾಯಿಯ ಮುಖವೇ ಇರಬೇಕು ಎಂದು ವಾಸುದೇವನ ಹಟ. ನಾಲ್ಕು ತಾಲ್ಲೂಕಿನ ಮಂದಿ ಗುರುತು ಹಿಡಿಯುವ ಮುಖ ಅದು. ಇಳಕಲ್ ಸೀರೆ ಉಡಿಸಿ, ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬೆಳಕಿಗೆ ಕೂಡಿಸಿದರು. ಪ್ರಭು­ಲಿಂಗಪ್ಪನೂ ಕಡಲೆಯವರೂ ನೋಡಲು ನೆರೆದರು.

ಫಕೀರಸಾಬ ಕುಂಚ ಹಿಡಿದು ಅವಳ ಮೋರೆಯನ್ನು ಆ ಕಡೆ ಈ ಕಡೆ ನೋಡಿದ. “ಸ್ವಲ್ಪ ನಗ್ರಿ ಅಕ್ಕಾರ,” ಎಂದ. ಅವಳು ನಕ್ಕಳು. ಅವನು ಕುಂಚ ಇಳಿಸಿ ವಾಸುದೇವನತ್ತ ನೋಡಿದ. ಜನ ಹೋ ಎಂದು ನಕ್ಕರು.

“ಬ್ಯಾಡ್ರಿ, ಬಾಯಿ ಮುಚ್ಚಿಕೊಂಡ ಕೂಡ್ರಿ,” ಎಂದ ಫಕೀರಸಾಬ. “ಹಲ್ಲ ನಾ ಹಾಕೋತೇನಿ.”

ಎರಡು ದಿನ ಅವಳು ಬಾಯಿ ಮುಚ್ಚಿಕೊಂಡು ಕೂತಳು. ಅವನು ಕಣ್ಣು, ಮೂಗುತಿ, ಕುಂಕುಮ, ಸೆರಗಿನ ಅಂಚು ಎಲ್ಲವನ್ನೂ ನೋಡಿ ನೋಡಿ ಬರೆದ. ಹಲ್ಲನ್ನು ನೋಡದೆ ಬರೆದ. ಮೇಲಿನ ಸಾಲಿನಲ್ಲೇ ಹದಿನಾಲ್ಕು ಬಂದವು. ಯಾರೂ ಎಣಿಸಲಿಲ್ಲ.

ಕಾಶಿಬಾಯಿಗೆ ಆಮೇಲೆ ಹಲ್ಲು ಹಾಕಿಸಿದರೋ ಇಲ್ಲವೋ ತಿಳಿಯಲಿಲ್ಲ. ಆ ಪೇಟೆಯ ಹಳಬರನ್ನು ಕೇಳಿದರೆ ಬೋರ್ಡಿನ ನಗುವನ್ನೇ ಹೇಳುತ್ತಾರೆ. ಬಿಸಿಲಿಗೆ ಸೀರೆಯ ಬಣ್ಣ ಹೋಗಿ, ಕಣ್ಣು ಮಾಸಿ, ಹಲ್ಲಷ್ಟೇ ಬಹಳ ವರ್ಷ ಬೆಳ್ಳಗೆ ಉಳಿದಿದ್ದವಂತೆ. ಸಿದ್ದಲಿಂಗವ್ವನ ಬಾಯಿಯ ಹಲ್ಲು ಯಾರವೆಂದು ಬೆಳಗಾವಿಯ ಆ ಮನೆಯಲ್ಲಿ ಗೊತ್ತಾಯಿತೋ ಇಲ್ಲವೋ, ಅದೂ ಗೊತ್ತಿಲ್ಲ.